ಶುಕ್ರವಾರ ಬಂದ ಮೀನು: ಒಂದು ಚೈನ್ ಸ್ಟೋರ್ ಅಕ್ವೇರಿಯಂ ಸೆಕ್ಷನ್‌ನ ಪ್ರಕರಣ

ದೊಡ್ಡ ಚೈನ್ ಸ್ಟೋರ್‌ಗಳಲ್ಲಿ ಮೀನು ಸಾಯೋದಕ್ಕೆ ಅಲ್ಲಿ ಕೆಲಸ ಮಾಡೋ ಹುಡುಗರ ಅಸಡ್ಡೆನೇ ಕಾರಣ ಅಂತ ಮೀನು ಸಾಕೋರಲ್ಲಿ ಬಹಳ ಜನ ಅನ್ಕೊಂಡಿದ್ದಾರೆ. ನಾನು ಹತ್ರದಿಂದ ನೋಡಿದ ಈ ಒಂದು ಕಡೆ ಹುಡುಗರು ಕೈಲಾದಷ್ಟು ಚೆನ್ನಾಗೇ ನೋಡ್ಕೊಳ್ತಾ ಇದ್ರು, ಆದ್ರೂ ವಾರಾವಾರ ಸತ್ತ ಮೀನಿನ ಬಕೆಟ್ ತುಂಬ್ತಾ ಇತ್ತು. ಯಾಕೆ ಅಂತ ಗೊತ್ತಾಗೋಕೆ ತಿಂಗಳುಗಳೇ ಹಿಡಿದ್ವು. ಮೀನಿನ ಅಂಗಡಿ ಇಟ್ಟಿರೋರಿಗೆ, ಇಂಥ ಸೆಕ್ಷನ್ ನೋಡ್ಕೊಳ್ಳೋರಿಗೆ, ಅಲ್ಲಿಂದ ಮೀನು ತರೋರಿಗೆ ಉಪಯೋಗ ಆಗ್ಲಿ ಅಂತ ಪೂರ್ತಿ ಬರೀತಾ ಇದೀನಿ. ಸ್ಟೋರ್ ಯಾವುದು, ಮಾಲ್ ಯಾವುದು, ಜನ ಯಾರು ಅಂತ ಹೇಳಲ್ಲ, ಗುರುತು ಸಿಗೋ ಒಂದೆರಡು ವಿವರ ಬದಲಾಯಿಸಿದೀನಿ. ಮೀನು, ನೀರು, ಊಟದ ವಿಷ್ಯದಲ್ಲಿ ಏನೂ ಬದಲಾಯಿಸಿಲ್ಲ.

ಹಿನ್ನೆಲೆ

ಬೆಂಗಳೂರಿನ ಹೊರ ವರ್ತುಲ ರಸ್ತೆ ಕಡೆ ಇರೋ ಒಂದು ಮಾಲ್. ಅದರಲ್ಲಿ ದಿನಸಿ, ಬಟ್ಟೆ, ಪಾತ್ರೆ ಎಲ್ಲಾ ಸಿಗೋ ಒಂದು ದೊಡ್ಡ ಚೈನ್‌ನ ಬ್ರಾಂಚ್, ಅದರ ಒಂದು ಮೂಲೆಯಲ್ಲಿ ಪೆಟ್ ಸೆಕ್ಷನ್, ಅದರಲ್ಲಿ ಮೀನಿನ ರ‍್ಯಾಕ್. ಒಂದರ ಮೇಲೊಂದು ಮೂರು ಸಾಲಲ್ಲಿ 40ರ ಹತ್ರ ಟ್ಯಾಂಕ್, ಒಂದೊಂದೂ ಸುಮಾರು 50 ಲೀಟರ್. ಇಂಥ ರ‍್ಯಾಕ್‌ಗಳನ್ನ ನೋಡಿರ್ತೀರ, ಪ್ರತಿ ಟ್ಯಾಂಕೂ ಬೇರೆ ಬೇರೆ ಥರ ಕಾಣುತ್ತೆ ಆದ್ರೆ ನೀರು ಒಂದೇ. ಎಲ್ಲಾ ಟ್ಯಾಂಕಿಂದ ನೀರು ಉಕ್ಕಿ ಕೆಳಗಿರೋ ಫಿಲ್ಟರ್ ಸಂಪಿಗೆ ಇಳಿಯುತ್ತೆ, ಸ್ಪಂಜ್ ದಾಟಿ, ಬ್ಯಾಕ್ಟೀರಿಯಾ ಕೂತಿರೋ ಬಯೋ ಮೀಡಿಯಾ ದಾಟಿ, ಯುವಿ ಲ್ಯಾಂಪ್ ದಾಟಿ, ಪಂಪಲ್ಲಿ ಮತ್ತೆ ಮೇಲೆ ಹೋಗುತ್ತೆ. ಇದರಲ್ಲಿ ಅನುಕೂಲ ಇಲ್ಲ ಅಂತ ಅಲ್ಲ, 2,000 ಲೀಟರ್ ಮೇಲೆ ನೀರು ಒಟ್ಟಿಗಿದ್ರೆ ಬಿಸಿ ತಂಪು ಬೇಗ ಏರುಪೇರಾಗಲ್ಲ, ಒಂದು ಕಡೆ ನೋಡ್ಕೊಂಡ್ರೆ ಸಾಕು. ಆದ್ರೆ ಒಂದು ಗಪ್ಪಿಗೆ ಬಂದ ಕಾಯಿಲೆ ಸಂಜೆಯೊಳಗೆ 40 ಟ್ಯಾಂಕಿಗೂ ಹೋಗಬಹುದು, ಮತ್ತೆ ಗಡಸು ನೀರು ಇಷ್ಟಪಡೋ ಮಾಲಿ ಮೀನು, ಅಮೆಜಾನ್ ಕಡೆಯ ಮೆದು ನೀರಿನ ನಿಯಾನ್ ಟೆಟ್ರಾ ಎರಡೂ ಒಂದೇ ನೀರಲ್ಲಿ ಇರಬೇಕು.

ಸೆಕ್ಷನ್‌ಗೆ ಇಬ್ಬರು ಹುಡುಗರು, ಎರಡು ಶಿಫ್ಟ್. ಒಬ್ಬನಿಗೆ ಮೊದಲಿಂದ ಮೀನಿನ ಹುಚ್ಚು, ಮನೆಯಲ್ಲೂ ಸಾಕಿದ್ದಾನೆ. ಇನ್ನೊಬ್ಬ ಮೊದಲು ಬಟ್ಟೆ ಸೆಕ್ಷನ್‌ನಲ್ಲಿದ್ದವನು, ಆದ್ರೆ ಕಲಿಯೋ ಆಸೆ ಇತ್ತು. ವಾರಕ್ಕೊಂದು ಸಲ ಬುಧವಾರ ಹೊರಗಿನ ಒಂದು ಏಜೆನ್ಸಿ ಬಂದು ಫಿಲ್ಟರ್ ತೊಳೆದು, ನೀರು ಟೆಸ್ಟ್ ಮಾಡಿ, ಸೈನ್ ಮಾಡಿ ಹೋಗ್ತಿತ್ತು. ಮೀನು ಬರ್ತಾ ಇದ್ದಿದ್ದು ಚೆನ್ನೈ ಕಡೆಯಿಂದ. ಅಲ್ಲಿ ಕೊಳತ್ತೂರು ಸುತ್ತಮುತ್ತ ಬಣ್ಣದ ಮೀನಿನ ವ್ಯಾಪಾರ ಬಹಳ ದೊಡ್ಡದು, ನಮ್ಮ ಊರಿನ ಅಂಗಡಿಗಳಿಗೆ ಬರೋ ಮೀನು ಎಷ್ಟೋ ಅಲ್ಲಿಂದಾನೇ ಹೊರಡೋದು. ಗುರುವಾರ ರಾತ್ರಿ ಹೊರಟು ಶುಕ್ರವಾರ ಬೆಳಗ್ಗೆ ಇಲ್ಲಿಗೆ. ಶುಕ್ರವಾರನೇ ಯಾಕೆ ಅಂದ್ರೆ ಶನಿವಾರ ಭಾನುವಾರ ಮಾಲ್ ತುಂಬಿರುತ್ತೆ, ರ‍್ಯಾಕ್ ಕೂಡ ತುಂಬಿರಬೇಕು. ಇದು ಬ್ರಾಂಚ್‌ನೋರು ಮಾಡಿದ ತೀರ್ಮಾನ ಅಲ್ಲ, ಹೆಡ್ ಆಫೀಸ್‌ದು.

ಊಟದ ನಿಯಮನೂ ಹೆಡ್ ಆಫೀಸಿಂದಾನೇ. ಎಲ್ಲಾ ಮೀನಿಗೂ ಒಂದೇ ತೇಲೋ ಪೆಲೆಟ್, 5 ಕೆಜಿ ಪ್ಯಾಕ್, ಬೆಳಗ್ಗೆ ಸ್ಟೋರ್ ತೆಗೆಯೋಕೆ ಮುಂಚೆ ಒಂದು ಸಲ, ರಾತ್ರಿ ಮುಚ್ಚೋಕೆ ಮುಂಚೆ ಒಂದು ಸಲ, ಎರಡು ನಿಮಿಷದಲ್ಲಿ ತಿನ್ನೋವಷ್ಟು.

ಸಮಸ್ಯೆ

ಹೇಳೋಕೆ ಸುಲಭ, ಮೀನು ಸಾಯ್ತಾ ಇತ್ತು. ಅದಕ್ಕಿಂತ ಕೆಟ್ಟದ್ದು ಅಂದ್ರೆ ಗಿರಾಕಿಗಳ ಮನೆಗೆ ಹೋಗಿ ಸಾಯ್ತಾ ಇತ್ತು. ಭಾನುವಾರ ಮಕ್ಕಳ ಕೈಯಲ್ಲಿ ಕವರ್ ಹಿಡ್ಕೊಂಡು ಖುಷಿಯಾಗಿ ಹೋದೋರು ಬುಧವಾರ ವಾಪಸ್ ಬಂದು ಜಗಳ ಆಡ್ತಿದ್ರು. ಮೀನು ವಾಪಸ್ ತಗೊಳ್ಳೋ ಪಾಲಿಸಿ ಇಲ್ಲ, ಹುಡುಗರು ಬೈಸ್ಕೊಳ್ತಿದ್ರು. ಟ್ಯಾಂಕಲ್ಲಿ ಉಳಿದ ಮೀನುಗಳೂ ಸರಿ ಇರಲಿಲ್ಲ, ರೆಕ್ಕೆ ಮುದುರ್ಕೊಂಡು ಮೂಲೆಯಲ್ಲಿ ನಿಲ್ಲೋದು, ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡೋದು, ಆಗಾಗ ವೈಟ್ ಸ್ಪಾಟ್, ಅಂದ್ರೆ ಮೈಮೇಲೆ ಬಿಳಿ ಚುಕ್ಕೆ ಬರೋ ಕಾಯಿಲೆ.

ಮ್ಯಾನೇಜರ್ ಒಳ್ಳೆ ಮನುಷ್ಯ. ಕಂಪ್ಯೂಟರಲ್ಲಿ ಲೆಕ್ಕ ತೆಗೆದು ತೋರಿಸಿದ್ರು. ಸತ್ತ ಮೀನನ್ನ ಸಿಸ್ಟಂಗೆ ಹಾಕೋಕೆ ಬೇರೆ ಜಾಗ ಇರಲಿಲ್ಲ, ಒಡೆದ ತಟ್ಟೆ, ಹರಿದ ಹಿಟ್ಟಿನ ಪ್ಯಾಕೆಟ್ ಹೋಗೋ 'ಡ್ಯಾಮೇಜ್' ಖಾತೆಗೇ ಮೀನೂ ಹೋಗ್ತಿತ್ತು. ಆ ಲೆಕ್ಕದ ಪ್ರಕಾರ ಸಾವು ವಾರಪೂರ್ತಿ ಹೆಚ್ಚುಕಮ್ಮಿ ಒಂದೇ ಥರ, ದಿನಾ ಒಂದಿಷ್ಟು. ಹಾಗಿದ್ರೆ ಕಾರಣನೂ ದಿನಾ ಇರೋ ಅಂಥದ್ದೇ ಏನೋ ಇರಬೇಕು ಅಂತ ಎಲ್ಲರಿಗೂ ಅನ್ನಿಸ್ತು. ದಿನಾ ನಡೆಯೋದು ಏನು? ಊಟ. ಹಂಗಾಗಿ ಎಲ್ಲರ ಕಣ್ಣು ಮೊದಲು ಬಿದ್ದಿದ್ದು ಊಟದ ಮೇಲೆ.

ಮೊದಲು ಮಾಡಿದ್ದೆಲ್ಲಾ

ನಾನು ಹೋಗೋಕೆ ಮುಂಚೆನೇ ಅವರು ಮೂರು ಪ್ರಯತ್ನ ಮಾಡಿದ್ರು.

ಮೊದಲನೇದು ಊಟ ಕಡಿಮೆ ಮಾಡಿದ್ದು. ದಿನಕ್ಕೆ ಒಂದೇ ಸಲ, ಅದೂ ಅರ್ಧ. ಇದರಲ್ಲಿ ತರ್ಕ ಇದೆ, ಇಲ್ಲ ಅಂತ ಹೇಳಲ್ಲ. ಮೀನು ತಿಂದ ಪ್ರೋಟೀನ್‌ನ ಒಂದು ಭಾಗ ಅಮೋನಿಯಾ ಆಗಿ ಕಿವಿರಿಂದ ನೀರಿಗೆ ಬರುತ್ತೆ, ಅದು ಜಾಸ್ತಿ ಆದ್ರೆ ಮೀನಿಗೇ ವಿಷ. ಮೀನು ಸಾಕಣೆಯೋರು ಅಂದಾಜಿಗೆ ಹೇಳೋ ಲೆಕ್ಕ 1 ಕೆಜಿ ಫೀಡ್‌ಗೆ ಸುಮಾರು 30 ಗ್ರಾಂ ಅಮೋನಿಯಾ ನೈಟ್ರೋಜನ್. ಅಂಗಡಿಗಳಲ್ಲಿ ಮೀನಿಗೆ ಊಟ ಕಮ್ಮಿ ಹಾಕೋದು ಫೀಡ್ ದುಡ್ಡು ಉಳಿಸೋಕೆ ಅಂತ ಜನ ತಿಳ್ಕೊಂಡಿರ್ತಾರೆ, ನಿಜವಾದ ಕಾರಣ ನೀರು ಕೆಡಬಾರದು ಅನ್ನೋದು, ಜೊತೆಗೆ ಹೇಗಿದ್ರೂ ವಾರದೊಳಗೆ ಮಾರಿ ಹೋಗುತ್ತಲ್ಲ ಅನ್ನೋ ಲೆಕ್ಕಾಚಾರ. ಆದ್ರೆ ಇಲ್ಲಿ ಆಗಿದ್ದು ಬೇರೆ. ಹಸಿದ ಟೈಗರ್ ಬಾರ್ಬ್‌ಗಳು ಪಕ್ಕದವುಗಳ ರೆಕ್ಕೆ ಕೀಳೋಕೆ ಶುರು ಮಾಡಿದ್ವು, ಮಾರಾಟ ಆಗದೆ ಹಳೇದಾಗಿ ಉಳಿದ ಮೀನುಗಳು ಹೊಟ್ಟೆ ಒಳಗೆ ಹೋಗಿ ಸಣ್ಣಗಾದ್ವು. ಸಾವು ಕಮ್ಮಿ ಆಗಲಿಲ್ಲ.

ಎರಡನೇದು ಔಷಧಿ. ವೈಟ್ ಸ್ಪಾಟ್ ಕಂಡಾಗ ಯಾರೋ ಹೇಳಿದ್ರು ಅಂತ ಮೆಥಿಲೀನ್ ಬ್ಲೂ ತಂದು ನೇರವಾಗಿ ಫಿಲ್ಟರ್ ಸಂಪಿಗೇ ಸುರಿದಿದ್ರು, 40 ಟ್ಯಾಂಕಿಗೂ ಒಟ್ಟಿಗೆ ಸೇರ್ಲಿ ಅಂತ. ಬ್ಲೂ ಮೀನಿಗೆ ಅಷ್ಟೇನೂ ತೊಂದರೆ ಕೊಡಲ್ಲ, ಆದ್ರೆ ಅಮೋನಿಯಾನ ನೈಟ್ರೈಟ್ ಮಾಡಿ, ನೈಟ್ರೈಟ್‌ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾಗಳಿಗೆ ಅದು ಶತ್ರು. ಫಿಲ್ಟರ್‌ನ ಜೀವನೇ ಆ ಬ್ಯಾಕ್ಟೀರಿಯಾ. ಹೊಸ ಟ್ಯಾಂಕಲ್ಲಿ ಅವು ಸರಿಯಾಗಿ ಕೂರೋಕೆ ನಾಲ್ಕರಿಂದ ಆರು ವಾರ ಬೇಕು, ಸಾಯಿಸೋಕೆ ಒಂದು ಬಾಟಲಿ ಸಾಕು. ಇನ್ನೊಂದು ವಿಷ್ಯ, ವೈಟ್ ಸ್ಪಾಟ್ ಪರಾವಲಂಬಿ ಮೀನಿನ ಚರ್ಮದೊಳಗೆ ಕೂತಿರೋವಾಗ ಯಾವ ಔಷಧಿನೂ ಅದಕ್ಕೆ ತಾಗಲ್ಲ, ಅದು ಉದುರಿ, ಒಡೆದು, ಮರಿಗಳು ನೀರಲ್ಲಿ ಈಜ್ತಾ ಹೊಸ ಮೀನು ಹುಡುಕೋ ಹೊತ್ತಲ್ಲಿ ಮಾತ್ರ ಸಾಯುತ್ತೆ. ಹಂಗಾಗಿ ಒಂದು ದಿನ ಹಾಕಿ ಬಿಟ್ರೆ ಪ್ರಯೋಜನ ಇಲ್ಲ. ಆ ಈಜೋ ಮರಿಗಳನ್ನ ಕೊಲ್ಲೋಕೆ ಅಂತಾನೇ ಯುವಿ ಲ್ಯಾಂಪ್ ಇರೋದು, ಇಲ್ಲಿ ನೋಡಿದ್ರೆ ಸ್ಟೋರ್ ಓಪನ್ ಆದಾಗಿಂದ ಆ ಟ್ಯೂಬ್ ಬದಲಾಯಿಸೇ ಇರಲಿಲ್ಲ. ಒಂದು ವರ್ಷ ಆದ್ಮೇಲೆ ಯುವಿ ಟ್ಯೂಬ್ ನೀಲಿಯಾಗಿ ಹೊಳೀತಾನೇ ಇರುತ್ತೆ ಆದ್ರೆ ಕೊಲ್ಲೋ ಶಕ್ತಿ ಬಹಳ ಕುಗ್ಗಿರುತ್ತೆ. ಹೊಳೀತಿದೆ ಅಂದ್ರೆ ಸರಿ ಇದೆ ಅಂತ ಏಜೆನ್ಸಿಯೋರೂ ಟಿಕ್ ಹಾಕಿದ್ರು.

ಮೂರನೇದು ಸಪ್ಲೈಯರ್ ಬದಲಾಯಿಸಿದ್ದು. ಹೊಸಬನ ಮೀನೂ ಹಾಗೇ ಸತ್ತಾಗ ಮಾತ್ರ ಮ್ಯಾನೇಜರ್‌ಗೆ ತೊಂದರೆ ನಮ್ಮಲ್ಲೇ ಇದೆ ಅನ್ನೋದು ಖಾತ್ರಿ ಆಯ್ತು. ನನ್ನನ್ನ ಕರೆದಿದ್ದು ಆಗ.

ಹುಡುಗನ ಡೈರಿ

ನೀರಿನ ರಿಪೋರ್ಟ್ ಕೇಳ್ದೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಪಿಎಚ್ (ನೀರು ಹುಳಿಯೋ ಕ್ಷಾರನೋ ಅನ್ನೋ ಅಳತೆ) 8ರ ಮೇಲೆ. ಮಾಲ್‌ಗೆ ಬರೋದು ಬೋರ್ ನೀರು, ಜೊತೆಗೆ ಟ್ಯಾಂಕರ್, ಗಡಸು ನೀರು, ಹಂಗಾಗಿ ಪಿಎಚ್ ಅಷ್ಟಿರೋದು ಆಶ್ಚರ್ಯ ಅಲ್ಲ. ಬೆಂಗಳೂರಲ್ಲಿ ಮೀನು ಸಾಕೋರಿಗೆಲ್ಲಾ ಇದು ಗೊತ್ತಿರೋದೇ, ತೊರೆಕಾಡನಹಳ್ಳಿಯಿಂದ ಬರೋ ಕಾವೇರಿ ನೀರು ಮೆದು ಆದ್ರೆ ಅದರಲ್ಲಿ ಕ್ಲೋರಿನ್ ಇರುತ್ತೆ, ಬೋರ್‌ನಲ್ಲಿ ಕ್ಲೋರಿನ್ ಇಲ್ಲ ಆದ್ರೆ ಗಡಸು, ಟ್ಯಾಂಕರ್ ನೀರು ಇವತ್ತು ಎಲ್ಲಿಂದ ಬಂತೋ ನಾಳೆ ಎಲ್ಲಿಂದಾನೋ. 2024ರ ಬೇಸಿಗೆಯಲ್ಲಿ ನೀರಿಗೆ ಊರೇ ಒದ್ದಾಡಿದ ಮೇಲಂತೂ ಯಾವ ಕಟ್ಟಡದಲ್ಲಿ ಯಾವ ನೀರು ಬರ್ತಿದೆ ಅಂತ ಕೇಳದೆ ಯಾವ ತೀರ್ಮಾನನೂ ಮಾಡಬಾರದು. ಇರಲಿ, ರಿಪೋರ್ಟ್ ಪ್ರಕಾರ ನೀರು ಚೆನ್ನಾಗಿತ್ತು, ಮೀನು ನೋಡಿದ್ರೆ ಅಮೋನಿಯಾದಲ್ಲಿ ಸುಟ್ಟ ಹಾಗಿತ್ತು, ಕಿವಿರು ಕೆಂಪು, ಉಸಿರಾಟ ಜೋರು. ಎರಡೂ ಹೇಗೆ ಸರಿ ಇರೋಕೆ ಸಾಧ್ಯ?

ಆ ಮೀನಿನ ಹುಚ್ಚಿನ ಹುಡುಗ ಮ್ಯಾನೇಜರ್ ಆಚೆ ಹೋಗೋವರೆಗೂ ಕಾದು ಜೇಬಿಂದ ಒಂದು ಪುಟ್ಟ ಡೈರಿ ತೆಗೆದು ಕೊಟ್ಟ. ದಿನಾ ಬೆಳಗ್ಗೆ ಯಾವ ಟ್ಯಾಂಕಲ್ಲಿ ಯಾವ ಮೀನು ಎಷ್ಟು ಸತ್ತಿತ್ತು ಅಂತ ಬರ್ಕೊಂಡಿದ್ದ. ಆ ಪುಟಗಳಲ್ಲಿ ಇದ್ದ ಲೆಕ್ಕಕ್ಕೂ ಕಂಪ್ಯೂಟರ್ ಲೆಕ್ಕಕ್ಕೂ ಸಂಬಂಧನೇ ಇಲ್ಲ. ಡೈರಿ ಪ್ರಕಾರ ಸಾವು ಶನಿವಾರ ಶುರು, ಭಾನುವಾರ ಸೋಮವಾರ ಜಾಸ್ತಿ, ಬುಧವಾರದ ಹೊತ್ತಿಗೆ ಹತ್ರತ್ರ ನಿಂತೇ ಹೋಗ್ತಿತ್ತು, ಗುರುವಾರ ಒಂದೋ ಎರಡೋ. ಮತ್ತೆ ಶನಿವಾರ.

ಕಂಪ್ಯೂಟರಲ್ಲಿ ಯಾಕೆ ಹಂಗಿಲ್ಲ ಅಂದ್ರೆ, ಡ್ಯಾಮೇಜ್‌ಗೆ ದಿನಕ್ಕೆ ಇಷ್ಟೇ ಅಂತ ಮಿತಿ ಇತ್ತು. ಮೀರಿದ್ರೆ ಮೇಲಿಂದ ಫೋನ್, ಇನ್ಸೆಂಟಿವ್ ಕಟ್. ಹಂಗಾಗಿ ಭಾನುವಾರ ಸತ್ತ ಮೀನನ್ನ ಮಂಗಳವಾರ, ಗುರುವಾರ ಅಂತ ಹಂಚಿ ಹಂಚಿ ಎಂಟ್ರಿ ಮಾಡ್ತಿದ್ರು. ಇಬ್ಬರೂ ಹುಡುಗರು ಮೋಸಗಾರರು ಅಲ್ಲ, ಕೆಲಸ ಉಳಿಸ್ಕೊಳ್ಳೋಕೆ ಅವರಿಗೆ ಇದ್ದ ದಾರಿ ಅದೊಂದೇ. ಆದ್ರೆ ಅದರಿಂದ ಸಾವಿನ ಆಕಾರನೇ ಮಾಯ ಆಗಿತ್ತು. ಇಡೀ ಪ್ರಕರಣದಲ್ಲಿ ನನ್ನ ಪ್ರಕಾರ ಮುಖ್ಯ ತಿರುವು ಇದೇ, ಔಷಧಿ ಅಲ್ಲ, ಫಿಲ್ಟರ್ ಅಲ್ಲ, ಆ ಡೈರಿ. ಜೀವ ಇರೋ ಪ್ರಾಣಿ ಸತ್ತಿದ್ದನ್ನ ಒಡೆದ ತಟ್ಟೆ ಜೊತೆ ಬರೆದ್ರೆ ಅದು ಯಾವತ್ತು ಸತ್ತಿತು, ಬಂದು ಎಷ್ಟು ದಿನ ಆಗಿತ್ತು, ಯಾವ ಜಾತಿ ಅನ್ನೋದೆಲ್ಲಾ ಅಳಿಸಿ ಹೋಗುತ್ತೆ, ಆಮೇಲೆ ಎಷ್ಟು ಬುದ್ಧಿವಂತರು ಬಂದು ಕೂತ್ರೂ ಕಾರಣ ಸಿಗಲ್ಲ.

ನೀರಿನ ರಿಪೋರ್ಟ್‌ನ ಗುಟ್ಟೂ ಅಲ್ಲೇ ಬಿಚ್ಚಿಕೊಳ್ತು. ಏಜೆನ್ಸಿ ಬರೋದು ಬುಧವಾರ. ಅದು ವಾರದ ಅತ್ಯಂತ ಒಳ್ಳೆ ದಿನ.

ಶುಕ್ರವಾರ ಏನಾಗ್ತಿತ್ತು

ಮುಂದಿನ ಶುಕ್ರವಾರ ಬಾಕ್ಸ್ ಬರೋದ್ರಿಂದ ಹಿಡಿದು ಭಾನುವಾರ ರಾತ್ರಿವರೆಗೂ ಎರಡೆರಡು ಗಂಟೆಗೆ ನೀರು ಟೆಸ್ಟ್ ಮಾಡಿ ಬರೀಬೇಕು ಅಂತ ತೀರ್ಮಾನ ಆಯ್ತು. ಮ್ಯಾನೇಜರ್ ಡೈರಿ ವಿಷ್ಯ ಕೇಳಿ ಕೋಪ ಮಾಡ್ಕೊಳ್ಳಲಿಲ್ಲ. ಇದು ಎರಡನೇ ತಿರುವು ಅಂತ ಹೇಳ್ಬೇಕು, ಅವರು ಆವತ್ತು ಹುಡುಗನ ಮೇಲೆ ರೇಗಿದ್ದಿದ್ರೆ ಕಥೆ ಅಲ್ಲಿಗೇ ಮುಗೀತಿತ್ತು.

ಬೆಳಗ್ಗೆ ಆರೂವರೆಗೆ ಥರ್ಮೋಕೋಲ್ ಬಾಕ್ಸ್ ಸರಕು ಇಳಿಸೋ ಲೋಡಿಂಗ್ ಬೇ ಹತ್ರ ಬಂತು. ಆದ್ರೆ ಸೆಕ್ಷನ್‌ಗೆ ಬಂದಿದ್ದು ಹನ್ನೊಂದರ ಹತ್ರ. ಮಧ್ಯ ಏನು? ಬಿಸ್ಕೆಟ್ ಕಾರ್ಟನ್, ಸೋಪಿನ ಕಾರ್ಟನ್ ಜೊತೆ ಸರತಿಯಲ್ಲಿ ನಿಂತು ಎಂಟ್ರಿ ಆಗೋದು, ಬಿಲ್ ತಾಳೆ ನೋಡೋದು. ರಾತ್ರಿಯೆಲ್ಲಾ ಕವರಲ್ಲಿ ಇದ್ದ ಮೀನಿಗೆ ಇನ್ನೂ ನಾಲ್ಕೂವರೆ ಗಂಟೆ.

ಆಮೇಲೆ ಹುಡುಗರು ಬಹಳ ಶ್ರದ್ಧೆಯಿಂದ ಕವರ್ ಬಿಚ್ಚಿ ಬಕೆಟಿಗೆ ಸುರಿದು ಸಣ್ಣ ಪೈಪಲ್ಲಿ ಟ್ಯಾಂಕ್ ನೀರನ್ನ ಹನಿ ಹನಿಯಾಗಿ ಬಿಡೋಕೆ ಶುರು ಮಾಡಿದ್ರು. ಒಂದೂವರೆ ಗಂಟೆ ಡ್ರಿಪ್. ಟ್ರೈನಿಂಗ್ ವಿಡಿಯೋದಲ್ಲಿ ಹಂಗೇ ಇತ್ತು, ಹವ್ಯಾಸಿಗಳೂ ಬಹಳ ಜನ ಹಂಗೇ ಹೇಳ್ತಾರೆ, ಹತ್ತಿರದ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ಮನೆಗೆ ತಂದ ಮೀನಿಗೆ ಅದು ಸರಿನೇ. ಆದ್ರೆ ಹದಿನೈದು ಗಂಟೆ ಕವರಲ್ಲಿ ಇದ್ದ ಮೀನಿನ ಲೆಕ್ಕ ಬೇರೆ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಈ ಪ್ರಕರಣದಲ್ಲಿ ಜಾಸ್ತಿ ಮೀನು ಸತ್ತಿದ್ದು ಇಲ್ಲೇ.

ಕವರಲ್ಲಿ ಮೀನು ಉಸಿರಾಡ್ತಾ ಇಂಗಾಲದ ಡೈಆಕ್ಸೈಡ್ ಬಿಡುತ್ತೆ, ಅದು ಹೊರಗೆ ಹೋಗೋಕೆ ದಾರಿ ಇಲ್ಲ, ನೀರಿನ ಪಿಎಚ್ ಇಳಿಯುತ್ತೆ. ಜೊತೆಗೆ ಅಮೋನಿಯಾನೂ ಸೇರ್ತಾ ಹೋಗುತ್ತೆ. ಅಮೋನಿಯಾಗೆ ಎರಡು ರೂಪ, ಒಂದು ಅಮೋನಿಯಂ, ಅದು ಅಷ್ಟು ಅಪಾಯ ಅಲ್ಲ, ಇನ್ನೊಂದು ಬಿಡಿ ಅಮೋನಿಯಾ, ಅದು ವಿಷ. ಪಿಎಚ್ ಕಮ್ಮಿ ಇದ್ದಾಗ ಬಹುತೇಕ ಎಲ್ಲಾ ಅಮೋನಿಯಂ ರೂಪದಲ್ಲೇ ಇರುತ್ತೆ. 25 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ರೆ ವಿಷದ ಪಾಲು ನೂರಕ್ಕೆ ಒಂದಕ್ಕಿಂತ ಕಮ್ಮಿ, ಅದೇ ಪಿಎಚ್ 8 ಆದ್ರೆ ನೂರಕ್ಕೆ ಐದು ದಾಟುತ್ತೆ, ಹತ್ತು ಪಟ್ಟು ಹತ್ರ. ಅಂದ್ರೆ ಕವರ್ ಮುಚ್ಚಿರೋವರೆಗೂ ಕೊಳೆ ನೀರಲ್ಲೇ ಇದ್ರೂ ಮೀನು ಬಚಾವ್. ಕವರ್ ಬಿಚ್ಚಿದ ತಕ್ಷಣ ಗಾಳಿ ತಾಗಿ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತೆ, ಪಿಎಚ್ ಏರೋಕೆ ಶುರು, ಅದರ ಮೇಲೆ 8ಕ್ಕಿಂತ ಜಾಸ್ತಿ ಪಿಎಚ್ ಇರೋ ಬೋರ್ ನೀರನ್ನ ಹನಿ ಹನಿಯಾಗಿ ಸೇರಿಸಿದ್ರೆ ಒಳಗಿರೋ ಅಮೋನಿಯಾದಲ್ಲಿ ವಿಷದ ಪಾಲು ಹಲವು ಪಟ್ಟು ಏರುತ್ತೆ, ಮೀನು ಅದರಲ್ಲೇ ಒಂದೂವರೆ ಗಂಟೆ. ಆ ಹೊತ್ತಿಗೆ ಸಾಯಲ್ಲ. ಕಿವಿರು ಸುಟ್ಟಿರುತ್ತೆ, ಒಂದೆರಡು ದಿನ ಬಿಟ್ಟು ಸಾಯುತ್ತೆ, ಆಗ ಯಾರೂ ಶುಕ್ರವಾರದ ಬಕೆಟ್‌ನ ನೆನಪಿಸ್ಕೊಳ್ಳಲ್ಲ.

ಇದರ ಜೊತೆ ಫಿಲ್ಟರ್ ಕಥೆ. ಗುರುವಾರದವರೆಗೂ ರ‍್ಯಾಕಲ್ಲಿ ಅರ್ಧ ಮೀನು, ಬ್ಯಾಕ್ಟೀರಿಯಾನೂ ಅಷ್ಟಕ್ಕೆ ತಕ್ಕಷ್ಟು. ಶುಕ್ರವಾರ ಮಧ್ಯಾಹ್ನ ದಿಢೀರ್ ಅಂತ ಎರಡರಷ್ಟು ಮೀನು, ಆರು ಜನಕ್ಕೆ ಅನ್ನ ಇಟ್ಟ ಮನೆಗೆ ಹೇಳದೆ ಕೇಳದೆ ಇನ್ನಾರು ಜನ ನೆಂಟರು ಬಂದ ಹಾಗೆ. ಈ ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯೋ ಜಾತಿ, ಬೇರೆ ಬ್ಯಾಕ್ಟೀರಿಯಾ ಥರ ಅರ್ಧ ಗಂಟೆಗೆ ಎರಡಾಗಲ್ಲ. ಶನಿವಾರ ಸಂಜೆ ಟೆಸ್ಟ್ ಟ್ಯೂಬ್ ಹಸಿರಿಗೆ ತಿರುಗಿ ಅಮೋನಿಯಾ ಇದೆ ಅಂತ ತೋರಿಸಿದಾಗ ಏಜೆನ್ಸಿ ರಿಪೋರ್ಟ್ ನಂಬಿದ್ದ ಮ್ಯಾನೇಜರ್ ಮುಖ ಬಾಡಿ ಹೋಯ್ತು. ಭಾನುವಾರ ನೈಟ್ರೈಟ್ ಕೂಡ ಕಾಣಿಸ್ತು. ಮಂಗಳವಾರದ ಹೊತ್ತಿಗೆ ಅರ್ಧ ಮೀನು ಮಾರಾಟ ಆಗಿ, ಒಂದಿಷ್ಟು ಸತ್ತು, ಫಿಲ್ಟರ್ ಸುಧಾರಿಸ್ಕೊಂಡು ಬುಧವಾರಕ್ಕೆ ಮತ್ತೆ ಸೊನ್ನೆ. ಗಿರಾಕಿ ಮನೆಗೆ ಹೋಗ್ತಿದ್ದ ಮೀನು ಈ ಶನಿವಾರ ಭಾನುವಾರದ ನೀರಿಂದ ಎತ್ತಿ ಕೊಟ್ಟಿದ್ದು.

ಊಟದ ವಿಷ್ಯ

ಊಟ ಮೂಲ ಕಾರಣ ಅಲ್ಲ ಅಂತ ಗೊತ್ತಾಯ್ತು, ಆದ್ರೆ ಊಟ ಹಾಕ್ತಿದ್ದ ರೀತಿ ಸರಿ ಇತ್ತು ಅಂತ ಅಲ್ಲ. ರಾತ್ರಿ ಒಂಬತ್ತೂವರೆಗೆ ಊಟ ಹಾಕಿ ಲೈಟ್ ಆರಿಸಿ ಹೋದ್ರೆ ತಿಂದ ಕೆಲವು ಗಂಟೆ ಆದ್ಮೇಲೆ ಅಮೋನಿಯಾ ಏರೋದು ಯಾರೂ ಇಲ್ಲದ ಹೊತ್ತಲ್ಲಿ. ತಿನ್ನದೆ ಉಳಿದಿದ್ದು ರಾತ್ರಿಯೆಲ್ಲಾ ಕೊಳೆಯುತ್ತೆ. ಶನಿವಾರ ಭಾನುವಾರ ಇನ್ನೊಂದು ತೊಂದರೆ, ಮಕ್ಕಳು ಬಂದು ಅಂಕಲ್ ಊಟ ಹಾಕಿ ಅಂತ ಕೇಳ್ತಾರೆ, ಊಟ ಹಾಕಿದ್ರೆ ಮೀನು ಮುಂದೆ ಬರುತ್ತೆ, ಮುಂದೆ ಬಂದ್ರೆ ಮಾರಾಟ ಆಗುತ್ತೆ, ಹಂಗಾಗಿ ಫಿಲ್ಟರ್ ಅತ್ಯಂತ ಸೋತಿರೋ ದಿನಾನೇ ಅತ್ಯಂತ ಜಾಸ್ತಿ ಊಟ.

ಒಂದೇ ಪೆಲೆಟ್ ಅನ್ನೋದು ನನಗೆ ನಿಜವಾಗ್ಲೂ ಬೇಜಾರು ತಂದ ವಿಷ್ಯ. ನಿಯಾನ್ ಟೆಟ್ರಾ ಬಾಯಿಗೆ ಆ ಪೆಲೆಟ್ ಹಿಡಿಸಲ್ಲ, ಬಾಯಿಗೆ ಹಾಕಿ ಉಗುಳ್ತಾ ಇದ್ವು. ಕೋರಿ ತಳದಲ್ಲಿ ಮೂತಿ ಹಾಕಿ ಹುಡುಕೋ ಮೀನು, ತೇಲೋ ಊಟ ಅದಕ್ಕೆ ಸಿಗೋದೇ ಇಲ್ಲ, ಟ್ಯಾಂಕ್ ಕ್ಲೀನ್ ಮಾಡ್ಕೊಂಡು ಬದುಕುತ್ತೆ ಅಂತ ಬಿಟ್ಟಿದ್ರು. ಗಾಜಿಗೆ ಬಾಯಿ ಅಂಟಿಸ್ಕೊಂಡಿರೋ ಸಕ್ಕರ್ ಮೀನಿಂದೂ ಅದೇ ಗತಿ. ಯಾವ ಮೀನೂ ಬೇರೆ ಮೀನಿನ ಹೊಲಸು ತಿಂದು ಬದುಕಲ್ಲ, ಸಕ್ಕರ್‌ಗೆ ಪಾಚಿ, ಸೊಪ್ಪು, ತರಕಾರಿ ಬೇಕು. ಗೋಲ್ಡ್ ಫಿಶ್‌ಗೆ ಹೊಟ್ಟೆ ಅಂತ ಬೇರೆ ಚೀಲನೇ ಇಲ್ಲ, ತಿಂದಿದ್ದು ನೇರ ಕರುಳಿಗೆ, ಅದಕ್ಕೆ ಸ್ವಲ್ಪ ಸ್ವಲ್ಪನೇ ಕೊಡಬೇಕು. ಫೈಟರ್ ಮೀನು ಹುಳ ಹುಪ್ಪಟೆ ತಿನ್ನೋ ಜಾತಿ. ಇವಕ್ಕೆಲ್ಲಾ ಒಂದೇ ಡಬ್ಬ. ಅದೂ 5 ಕೆಜಿ ಪ್ಯಾಕ್ ಬಿಚ್ಚಿ ಬಿಸಿಯಾಗಿರೋ ಪಂಪ್ ಪಕ್ಕ ಇಟ್ಟಿದ್ರು, ಮೂಸಿ ನೋಡಿದ್ರೆ ಎಣ್ಣೆ ಕಮಟು. ಗಾಳಿ ಬಿಸಿ ತಾಗಿದ್ರೆ ಫೀಡ್‌ನಲ್ಲಿರೋ ಕೊಬ್ಬು ಕೆಡುತ್ತೆ, ವಿಟಮಿನ್ ಸಿ ಹೋಗುತ್ತೆ. ಕೆಜಿ ಲೆಕ್ಕದಲ್ಲಿ ಅಗ್ಗ ಅಂತ ತರಿಸಿದ್ದು, ಕೊನೆಗೆ ಅರ್ಧ ಎಸೀಬೇಕು.

ಬದಲಾಯಿಸಿದ್ದು ಹೀಗೆ. ಊಟ ಬೆಳಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ. ಪುಡಿ ಮಾಡಿದ ಫೀಡ್, ಮುಳುಗೋ ಟ್ಯಾಬ್ಲೆಟ್, ಸಕ್ಕರ್‌ಗೆ ಸೌತೆಕಾಯಿ ಹೋಳು ಹಾಕಿ ಮರುದಿನ ಬೆಳಗ್ಗೆ ತೆಗೆಯೋದು, ಫೈಟರ್‌ಗೆ ಫ್ರೋಜನ್ ಬ್ಲಡ್ ವರ್ಮ್. ಸಣ್ಣ ಪ್ಯಾಕ್ ಮಾತ್ರ. ಹೊಸದಾಗಿ ಬಂದ ಮೀನಿಗೆ ಮೊದಲ ದಿನ ಊಟ ಇಲ್ಲ. ಯಾವ ಟ್ಯಾಂಕಿಗೆ ಯಾರು ಊಟ ಹಾಕಿದ್ರು ಅಂತ ಗಾಜಿನ ಮೇಲೆ ಮಾರ್ಕರಲ್ಲಿ ಟಿಕ್, ಇಲ್ದಿದ್ರೆ ಎರಡೂ ಶಿಫ್ಟ್‌ನೋರು ಹಾಕ್ತಾರೆ ಇಲ್ಲಾ ಇಬ್ಬರೂ ಹಾಕಲ್ಲ. ಮಕ್ಕಳ ವಿಷ್ಯಕ್ಕೆ ಮ್ಯಾನೇಜರೇ ಉಪಾಯ ಹೇಳಿದ್ರು, ನಾಲ್ಕು ಗಂಟೆಗೆ ಮೀನಿನ ಊಟ ಅಂತ ಬೋರ್ಡ್. ಜನ ಆ ಹೊತ್ತಿಗೇ ಬಂದು ನಿಲ್ಲೋಕೆ ಶುರು ಮಾಡಿದ್ರು, ಬೇರೆ ಹೊತ್ತಲ್ಲಿ ಕೇಳಿದ ಮಕ್ಕಳಿಗೆ ಬೋರ್ಡ್ ತೋರಿಸಿದ್ರೆ ಆಯ್ತು.

ಹೆಡ್ ಆಫೀಸ್ ಜೊತೆ

ಊಟ, ಯುವಿ ಟ್ಯೂಬ್, ಔಷಧಿ ಇವೆಲ್ಲಾ ಬ್ರಾಂಚ್ ಮಟ್ಟದಲ್ಲೇ ಆಗೋವಂಥದ್ದು, ಆದ್ವು. ಲೋಡಿಂಗ್ ಬೇಯಲ್ಲಿ ಜೀವ ಇರೋ ಬಾಕ್ಸ್ ಮೊದಲು ಅಂತ ಸೆಕ್ಯೂರಿಟಿ ಜೊತೆ ಮಾತಾಡಿ ಅದೂ ಆಯ್ತು. ಡ್ರಿಪ್ ನಿಂತಿತು, ಅದರ ಬದಲು ಮುಚ್ಚಿದ ಕವರನ್ನ ಹದಿನೈದು ಇಪ್ಪತ್ತು ನಿಮಿಷ ತೇಲಿಸಿ ಬಿಸಿ ತಂಪು ಸಮ ಮಾಡಿ, ಬಿಚ್ಚಿದ ಕೂಡ್ಲೇ ನೆಟ್‌ನಲ್ಲಿ ಸೋಸಿ ಮೀನನ್ನ ಶುದ್ಧ ನೀರಿಗೆ ಬಿಡೋದು, ಕವರ್ ನೀರು ಮೋರಿಗೆ. ಇದಕ್ಕೆ ಬಿಡೋ ಟ್ಯಾಂಕಿನ ನೀರು ಸಪ್ಲೈಯರ್ ನೀರಿಗೆ ಹತ್ರ ಇರಬೇಕು, ಇಲ್ಲಾಂದ್ರೆ ಗಡಸುತನದ ವ್ಯತ್ಯಾಸಕ್ಕೇ ಮೀನು ನಲುಗುತ್ತೆ. ಹಂಗಾಗಿ ಸಪ್ಲೈಯರ್ ಹತ್ರ ಅವರ ನೀರಿನ ಟಿಡಿಎಸ್ (ಕರಗಿರೋ ಲವಣದ ಅಳತೆ) ಕೇಳಿ, ಆರ್‌ಒ ನೀರು ಬೆರೆಸಿ ಹದ ಮಾಡಿದ ಬೇರೆ ಟ್ಯಾಂಕ್ ಬೇಕು, ಅಂದ್ರೆ ಕ್ವಾರಂಟೈನ್.

ಇಲ್ಲಿ ತಡೆ ಬಂತು. ಆರು ಟ್ಯಾಂಕ್‌ನ ಮುಖ್ಯ ಲೈನಿಂದ ಕಿತ್ತು ಬೇರೆ ಫಿಲ್ಟರ್ ಹಾಕಿ ಕ್ವಾರಂಟೈನ್ ಮಾಡ್ಬೇಕು, ಅವುಗಳ ಮೇಲೆ ಮಾರಾಟಕ್ಕಿಲ್ಲ ಅಂತ ಬರೀಬೇಕು, ಡೆಲಿವರಿ ಶುಕ್ರವಾರದಿಂದ ಸೋಮವಾರಕ್ಕೆ ಹೋಗ್ಬೇಕು ಅಂತ ಕೇಳಿದಾಗ ಹೆಡ್ ಆಫೀಸ್ ಒಪ್ಪಲಿಲ್ಲ. ಶೆಲ್ಫ್ ಜಾಗದಲ್ಲಿ ಮಾರದ ಸರಕು ಇಡೋದು ಅವರ ಲೆಕ್ಕದಲ್ಲಿ ಆಗದ ಮಾತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮನುಷ್ಯನ ಬಿಟ್ಟು ಎಲ್ಲಾ ಜೀವಿಯನ್ನೂ ಪ್ರಾಣಿ ಅಂತಾನೇ ಕರೆಯುತ್ತೆ, ಮೀನೂ ಅದರೊಳಗೇ ಬರುತ್ತೆ ಅಂತ ನಾನು ಬರೆದು ಕೊಟ್ಟೆ, ಅದಕ್ಕೆ ಉತ್ತರ ಬರಲಿಲ್ಲ. ಅಮೆರಿಕದಲ್ಲಿ ವಾಲ್‌ಮಾರ್ಟ್ 2019ರಲ್ಲಿ ಜೀವಂತ ಮೀನು ಮಾರೋದನ್ನೇ ನಿಲ್ಲಿಸ್ತು ಅನ್ನೋದನ್ನೂ ಹೇಳ್ದೆ, ಅಷ್ಟು ದೊಡ್ಡ ಕಂಪನಿನೇ ಕೈ ಬಿಟ್ಟ ಕೆಲಸ ಇದು, ಮಾಡೋದಾದ್ರೆ ನೆಟ್ಟಗೆ ಮಾಡ್ಬೇಕು ಅಂತ.

ಕೊನೆಗೆ ಕೆಲಸ ಮಾಡಿದ್ದು ಡೈರಿನೇ. ಹುಡುಗನ ಹೆಸರು ತೆಗೆದು, ಬರೀ ಲೆಕ್ಕವನ್ನ ದಿನದ ಪ್ರಕಾರ ಒಂದು ಹಾಳೆಯಲ್ಲಿ ಹಾಕಿ, ಪಕ್ಕದಲ್ಲಿ ಖರೀದಿ ಬೆಲೆ ಬರೆದು ಮ್ಯಾನೇಜರ್ ಕಳಿಸಿದ್ರು. ಶುಕ್ರವಾರ ಬಂದ ದುಡ್ಡಲ್ಲಿ ಎಷ್ಟು ಸೋಮವಾರ ಬಕೆಟಲ್ಲಿ ಇರುತ್ತೆ ಅನ್ನೋದು ಆ ಹಾಳೆಯಲ್ಲಿ ಕಣ್ಣಿಗೆ ಹೊಡೆಯೋ ಹಾಗಿತ್ತು. ಜೀವದ ಮಾತಿಗೆ ಕರಗದವರು ದುಡ್ಡಿನ ಹಾಳೆಗೆ ಕರಗಿದ್ರು ಅಂತ ನನಗೆ ನೋವಾಯ್ತು, ಆದ್ರೂ ಆಯ್ತಲ್ಲ. ಈ ಒಂದು ಬ್ರಾಂಚಿಗೆ ಮಾತ್ರ ಪ್ರಯೋಗ ಅಂತ ಒಪ್ಪಿಗೆ ಕೊಟ್ರು. ಸೋಮವಾರ ಡೆಲಿವರಿ, ನಾಲ್ಕು ಟ್ಯಾಂಕ್ ಕ್ವಾರಂಟೈನ್, ನಾವು ಕೇಳಿದ ಆರು ಅಲ್ಲ. ಸಿಸ್ಟಂನಲ್ಲಿ ಮೀನಿಗೆ ಬೇರೆ ಎಂಟ್ರಿ, ಅದರಲ್ಲಿ ಜಾತಿ, ಟ್ಯಾಂಕ್ ನಂಬರ್, ಬಂದ ತಾರೀಖು. ಮತ್ತೆ ಆ ಎಂಟ್ರಿಗೆ ದಿನದ ಮಿತಿ ಇಲ್ಲ, ಇನ್ಸೆಂಟಿವ್ ಜೊತೆ ಸಂಬಂಧ ಇಲ್ಲ. ಈ ಕೊನೇ ಸಾಲಿಗೆ ನಾವು ಎಲ್ಲಕ್ಕಿಂತ ಜಾಸ್ತಿ ಹಠ ಹಿಡಿದ್ವಿ, ಅದಿಲ್ಲದಿದ್ರೆ ಮತ್ತೆ ಹಂಚಿ ಹಂಚಿ ಬರೆಯೋದೇ ಆಗ್ತಿತ್ತು.

ಏನಾಯ್ತು

ಮೊದಲ ತಿಂಗಳು ಎಂಟ್ರಿಯಲ್ಲಿ ಸಾವು ಜಾಸ್ತಿ ಕಾಣಿಸ್ತು, ಯಾಕಂದ್ರೆ ಈಗ ನಿಜ ಬರೀತಿದ್ರು. ಇದನ್ನ ಮೊದಲೇ ಹೆಡ್ ಆಫೀಸಿಗೆ ಹೇಳಿಟ್ಟಿದ್ದು ಒಳ್ಳೇದಾಯ್ತು, ಇಲ್ಲಾಂದ್ರೆ ಪ್ರಯೋಗ ಅಲ್ಲಿಗೇ ನಿಲ್ಲಿಸ್ತಿದ್ರು. ಆಮೇಲೆ ಇಳೀತು. ಗಪ್ಪಿ, ಮಾಲಿ, ಗೋಲ್ಡ್ ಫಿಶ್, ಏಂಜೆಲ್ ಇವುಗಳಲ್ಲಿ ಬಕೆಟ್ ಖಾಲಿ ಇರೋ ಬೆಳಗ್ಗೆಗಳೇ ಜಾಸ್ತಿ ಆದ್ವು. ಮೀನು ಮೂರ್ನಾಲ್ಕು ದಿನ ಕ್ವಾರಂಟೈನಲ್ಲಿ ಇದ್ದು ತಿಂದು ಸುಧಾರಿಸ್ಕೊಂಡು ಗುರುವಾರ ಶುಕ್ರವಾರ ರ‍್ಯಾಕಿಗೆ ಬರೋದ್ರಿಂದ ಶನಿವಾರ ಬಣ್ಣನೂ ಚೆನ್ನಾಗಿ ಕಾಣ್ತಿತ್ತು, ಜಗಳ ಆಡೋಕೆ ಬರೋ ಗಿರಾಕಿಗಳು ಕಮ್ಮಿ ಆದ್ರು. ಫಿಲ್ಟರ್ ಮೇಲೆ ದಿಢೀರ್ ಭಾರ ಬೀಳದೆ ಇರೋಕೆ ಕ್ವಾರಂಟೈನ್ ಮೀನನ್ನ ಒಂದೇ ಸಲ ಬಿಡದೆ ಗುರುವಾರ ಅರ್ಧ, ಶುಕ್ರವಾರ ಅರ್ಧ ಅಂತ ಮಾಡಿದ್ದು ಹುಡುಗರದ್ದೇ ಯೋಚನೆ. ಏಜೆನ್ಸಿ ಟೆಸ್ಟ್ ಕೂಡ ಶನಿವಾರಕ್ಕೆ ಹೋಯ್ತು.

ನಿಯಾನ್ ಟೆಟ್ರಾ ಮಾತ್ರ ಸುಧಾರಿಸಲಿಲ್ಲ. ಕ್ವಾರಂಟೈನಲ್ಲಿ ಚೆನ್ನಾಗಿರ್ತಿದ್ವು, ಮುಖ್ಯ ರ‍್ಯಾಕಿನ ಗಡಸು ನೀರಿಗೆ ಬಂದ ಮೇಲೆ ಮಂಕಾಗ್ತಿದ್ವು. 40 ಟ್ಯಾಂಕಿನ ನೀರನ್ನ ಮೆದು ಮಾಡಿದ್ರೆ ಮಾಲಿಗೆ ಕಷ್ಟ. ಒಂದೇ ನೀರಿನ ರ‍್ಯಾಕಲ್ಲಿ ಎಲ್ಲಾ ಜಾತಿನೂ ಮಾರೋಕೆ ಆಗಲ್ಲ ಅನ್ನೋದನ್ನ ಒಪ್ಕೊಳ್ಳಲೇಬೇಕಿತ್ತು. ನಿಯಾನ್ ನಿಲ್ಲಿಸೋಣ ಅಂದಾಗ ಕ್ಯಾಟಗರಿ ನೋಡ್ಕೊಳ್ಳೋರು ಅದೇ ಜಾಸ್ತಿ ಹೋಗೋ ಐಟಂ ಅಂದ್ರು. ಹಾಳೆ ತೋರಿಸಿದ ಮೇಲೆ ನಿಲ್ಲಿಸಿದ್ರು. ಸಕ್ಕರ್‌ನೂ ನಿಲ್ಲಿಸಿ ಅಂತ ಕೇಳಿದ್ವಿ, ಬೆರಳುದ್ದ ಇರೋ ಮರಿ ಒಂದಡಿ ಮೀರಿ ಬೆಳೆಯುತ್ತೆ, ಸಾಕೋಕಾಗದೆ ಜನ ಕೆರೆಗೆ ಬಿಡ್ತಾರೆ, ಕೆರೆಯಲ್ಲಿ ಅದು ನಮ್ಮ ಮೀನುಗಳ ಜಾಗ ತಿನ್ನುತ್ತೆ. ಅದಕ್ಕೆ ಒಪ್ಪಲಿಲ್ಲ. ಎಷ್ಟು ದೊಡ್ಡದಾಗುತ್ತೆ ಅಂತ ಟ್ಯಾಂಕ್ ಮೇಲೆ ಬರೆದು ಅಂಟಿಸೋಕೆ ಮಾತ್ರ ಬಿಟ್ರು, ಹುಡುಗ ಅದನ್ನ ನಿಜವಾದ ಅಳತೆಗೆ ಒಂದು ಚಿತ್ರ ಬರೆದು ಅಂಟಿಸಿದ, ಅದನ್ನ ನೋಡಿ ಸಕ್ಕರ್ ವಾಪಸ್ ಇಟ್ಟು ಹೋದ ಗಿರಾಕಿಗಳನ್ನ ನಾನೇ ನೋಡಿದೀನಿ.

ಇಂಥ ಸ್ಟೋರಿಂದ ಮೀನು ತಗೊಳ್ಳೋರು ಕೌಂಟರಲ್ಲಿ ಎರಡು ಪ್ರಶ್ನೆ ಕೇಳಿ: ಈ ಮೀನು ಯಾವತ್ತು ಬಂತು, ಇಲ್ಲಿಗೆ ಬಂದ್ಮೇಲೆ ಏನು ತಿನ್ತಿದೆ. ಎರಡಕ್ಕೂ ಥಟ್ ಅಂತ ಉತ್ತರ ಬಂದ್ರೆ ಅಲ್ಲಿ ಯಾರೋ ಬರ್ಕೊಳ್ತಿದ್ದಾರೆ ಅಂತ ಅರ್ಥ. ಬಂದು ಎರಡು ದಿನ ಆಗಿಲ್ಲ ಅಂದ್ರೆ ತಗೋಬೇಡಿ, ದುಡ್ಡು ಕೊಟ್ಟು ಅಲ್ಲೇ ಬಿಟ್ಟು ಒಂದು ವಾರ ಆದ್ಮೇಲೆ ಬರ್ತೀನಿ ಅನ್ನಿ, ಕೆಲವು ಕಡೆ ಒಪ್ತಾರೆ.

ಡೈರಿ ಬರೀತಿದ್ದ ಹುಡುಗನನ್ನ ರೊಟೇಷನ್ ಅಂತ ಆರು ತಿಂಗಳಿಗೆ ಬೇರೆ ಸೆಕ್ಷನ್‌ಗೆ ಹಾಕೋಕೆ ಹೊರಟಿದ್ರು, ಎಲ್ಲಾ ಸಿಬ್ಬಂದಿಗೂ ಅದೇ ನಿಯಮ. ಮ್ಯಾನೇಜರ್ ಹಟ ಮಾಡಿ ತಡೆದು, ಹೊಸಬ ಬಂದ್ರೆ ಹಳಬನ ಜೊತೆ ಎರಡು ತಿಂಗಳು ಕೆಲಸ ಮಾಡಿದ ಮೇಲೇ ಬದಲಾವಣೆ ಅಂತ ಬರೆಸಿಕೊಂಡಿದ್ದಾರೆ. ಉಳಿದ ಬ್ರಾಂಚ್‌ಗಳಲ್ಲಿ ಇನ್ನೂ ಶುಕ್ರವಾರವೇ ಮೀನು ಇಳೀತಿದೆ. ಅಲ್ಲೂ ಸೋಮವಾರ ಮಾಡಿ, ಮೀನಿಗೆ ಬೇರೆ ಎಂಟ್ರಿ ಕೊಡಿ ಅಂತ ಈ ಬ್ರಾಂಚಿನ ಲೆಕ್ಕ ಜೊತೆಗಿಟ್ಟು ಮನವಿ ಹೋಗಿದೆ, ದೀಪಾವಳಿ ಸ್ಟಾಕ್ ಆರ್ಡರ್ ಹಾಕೋಕೆ ಮುಂಚೆ ಉತ್ತರ ಕೊಡ್ತೀವಿ ಅಂದಿದ್ದಾರೆ.